ಮಡಚುವ ರೆಕ್ಕೆ, ಮಡಚದ ಮೊಣಕಾಲು

ಯಜಮಾನರು ಏನಾದರೂ ಆರಿಸಲು ಹೊರಟರೆಂದರೆ ಜೊತೆಗೆ ಹೋದವರು ಮೊದಲು ಕೂರಲು ಜಾಗ ನೋಡಿಕೊಳ್ಳುವುದು ಒಳ್ಳೆಯದು. ಅಳತೆ ಮತ್ತು ತೂಕದ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿ, ಅಂಗಡಿಯವರ ತಕ್ಕಡಿಗಳಿಗೆ ಮುದ್ರೆ ಒತ್ತಿ ಒತ್ತಿ ನಿವೃತ್ತರಾದ ಮನುಷ್ಯ. ಇಲಾಖೆ ಅವರನ್ನು ಬಿಟ್ಟರೂ ತಕ್ಕಡಿ ಬಿಟ್ಟಿರಲಿಲ್ಲ. ಹಲ್ಲುಜ್ಜುವ ಬ್ರಷ್ಷನ್ನೂ ಅಳೆದು ಸುರಿದು ಕೊಳ್ಳುವ ಅವರಿಗೆ ಈಗ ಆರಿಸಬೇಕಾಗಿ ಬಂದದ್ದು ಹಾಯಿದೋಣಿಗೊಂದು ಹೊಸ ಪ್ರೊಪೆಲ್ಲರ್.

ದೋಣಿ ನೀರು ಬಿಟ್ಟು, ರಿಪೇರಿ ಅಂಗಳದಲ್ಲಿ ಊರುಗೋಲುಗಳ ನಡುವೆ, ಆಸ್ಪತ್ರೆಯಲ್ಲಿ ಕಾಲು ಮೇಲೆತ್ತಿಸಿಕೊಂಡ ರೋಗಿಯ ಹಾಗೆ ನಿಂತಿತ್ತು. ಗಂಡ ಹೆಂಡತಿ ಅದರೊಳಗೇ ಸಂಸಾರ ಹೂಡಿದ್ದರು. ನೆಲದಿಂದ ಮೇಲಕ್ಕೆ ಒಂದು ಅಲ್ಯೂಮಿನಿಯಂ ಏಣಿ. ಕುಡಿಯುವ ನೀರು, ಬ್ರೆಡ್ಡು, ಒಗೆದ ಬಟ್ಟೆ ಎಲ್ಲವೂ ಅದರಲ್ಲೇ ಹತ್ತಬೇಕು. ಪಾತ್ರೆ ತೊಳೆದ ನೀರನ್ನು ಬಕೆಟ್ಟಿನಲ್ಲಿ ಕೆಳಗಿಳಿಸಬೇಕು. ಮರೆತು ಸಿಂಕಿನಲ್ಲಿ ಚೆಲ್ಲಿದರೆ, ಕೆಳಗೆ ಬಣ್ಣ ಬಳಿಯುತ್ತಿದ್ದ ಯಾರದೋ ತಲೆಯಿಂದ ಬೈಗುಳ ಮೇಲಕ್ಕೆ ಬರುತ್ತಿತ್ತು.

ಈ ಏಣಿಯನ್ನು ದಿನಾ ಒಂದೊಂದೇ ಮೆಟ್ಟಿಲಿಗೆ ಎರಡೂ ಪಾದ ಊರಿ ಹತ್ತುತ್ತಿದ್ದವಳು ಮೇಷ್ಟರಮ್ಮ. ಯಜಮಾನರ ಹೆಂಡತಿ. ಡ್ರೈವಿಂಗ್ ಶಾಲೆ ನಡೆಸುತ್ತಿದ್ದವಳು. ಅರ್ಧ ಊರು ಕಾರನ್ನು ಹಿಂದಕ್ಕೆ ತೆಗೆಯಲು ಕಲಿತದ್ದು ಅವಳ ಕಾಲಡಿಯ ಬ್ರೇಕನ್ನು ನಂಬಿಕೊಂಡು. ಎಂಥ ಇಕ್ಕಟ್ಟಿನ ಜಾಗದಲ್ಲೂ ಎಂಥ ಹೆದರುಪುಕ್ಕಲರ ಕೈಯಿಂದಲೂ ಗಾಡಿ ನಿಲ್ಲಿಸಿದ್ದ ಹೆಂಗಸು ಅವಳು. ಆದರೆ ದೋಣಿಯ ಚುಕ್ಕಾಣಿ ಚಕ್ರವನ್ನು, ದೋಣಿ ಕಟ್ಟುವ ಧಕ್ಕೆ ಹತ್ತಿರ ಬಂತೆಂದರೆ, ಯಜಮಾನರು ಅವಳ ಕೈಗೆ ಕೊಡುತ್ತಿರಲಿಲ್ಲ.

ಅದು ಇವರೊಬ್ಬರದೇ ಪದ್ಧತಿಯಲ್ಲ. ಆ ಬಂದರಿನ ಎಲ್ಲ ದೋಣಿಗಳಲ್ಲೂ ಗಂಡ ಹಿಂದೆ ಚಕ್ರ ಹಿಡಿದು ನಿಲ್ಲುತ್ತಾನೆ, ಹೆಂಡತಿ ಮುಂದೆ ಹಗ್ಗ ಹಿಡಿದು ನಿಲ್ಲುತ್ತಾಳೆ. ದೋಣಿ ಧಕ್ಕೆಯ ಹತ್ತಿರ ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ. ಗಂಡ "ಜಿಗಿ!" ಅನ್ನುತ್ತಾನೆ. ಹೆಂಡತಿ ಜಿಗಿಯುತ್ತಾಳೆ. ಸರಿಯಾಗಿ ನಿಂತರೆ ದೋಣಿ ನಡೆಸಿದವನ ಜಾಣ್ಮೆ, ಗುದ್ದಿದರೆ ಹಗ್ಗ ಎಳೆದವಳ ತಪ್ಪು. ಮೇಷ್ಟರಮ್ಮ ಹಾಗೆ ಜಿಗಿದೂ ಜಿಗಿದೂ ಕಳೆದ ಸಲ ಬಲಗಾಲಿನ ಮೊಣಕಾಲು ಕಳೆದುಕೊಂಡಳು. ಕಾಲು ಇತ್ತು, ಮಡಚುವುದನ್ನು ಮಾತ್ರ ನಿಲ್ಲಿಸಿತ್ತು. ಇನ್ನು ಜಿಗಿತ ಗಿಗಿತ ಮರೆತುಬಿಡಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಹಳೆಯ ಪ್ರೊಪೆಲ್ಲರ್ ಸತ್ತದ್ದೂ ಯಜಮಾನರ ಅಚ್ಚುಕಟ್ಟಿನಿಂದಲೇ. ಮೆಕ್ಯಾನಿಕ್ ಬಂದು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದ. ಗಂಟೆಯ ಹಾಗೆ ಮೊಳಗಬೇಕಿದ್ದ ಕಂಚು, ಬಿರುಕು ಬಿಟ್ಟ ಮಡಕೆಯ ಹಾಗೆ ಸದ್ದು ಮಾಡಿ, ರೆಕ್ಕೆಯ ಒಂದು ತುಂಡನ್ನು ಅವನ ಚಪ್ಪಲಿಯ ಮೇಲೆ ಉದುರಿಸಿತು. ಒಳಗೆಲ್ಲ ಗುಲಾಬಿ ಬಣ್ಣ.

"ಉಪ್ಪುನೀರು ತಿಂದುಬಿಟ್ಟಿದೆ ಸಾರ್. ಇಲ್ಲೊಂದು ಸತುವಿನ ತುಂಡು ಇರುತ್ತಲ್ಲ, ಅದಕ್ಕೆ ಯಾರು ಬಣ್ಣ ಬಳಿದದ್ದು?"

"ನಾನೇ. ದೋಣಿಯೆಲ್ಲ ನೀಲಿ, ಅದೊಂದು ಮಾತ್ರ ಬೂದಿ ಬಣ್ಣ. ಅಸಹ್ಯವಾಗಿ ಕಾಣ್ತಿತ್ತು," ಎಂದರು ಯಜಮಾನರು.

"ಅದಕ್ಕೆ ಬಣ್ಣ ಬಳೀಬಾರದು ಸಾರ್. ತಾನು ಕರಗಿ ಉಳಿದವರನ್ನ ಉಳಿಸೋದೇ ಅದರ ಕೆಲಸ."

"ಎಲ್ಲೋ ನೋಡಿದ ಹಾಗಿದೆಯಲ್ಲ ಇವಳನ್ನ," ಎಂದಳು ಮೇಷ್ಟರಮ್ಮ. ಮೆಕ್ಯಾನಿಕ್ ನಕ್ಕ. ಯಜಮಾನರು ನಗಲಿಲ್ಲ. ಆಗಲೇ ಅವರು ಸೀಮೆಸುಣ್ಣ ಹುಡುಕುತ್ತಿದ್ದರು.

ಮಾರನೆಯ ದಿನದಿಂದ ದೋಣಿಯ ನೀಲಿ ಹೊಟ್ಟೆಯ ತುಂಬ ಬಿಳಿ ಅಂಕಿಗಳು ಎದ್ದವು. ಎಡಗಡೆ ಗಟ್ಟಿ ಪ್ರೊಪೆಲ್ಲರ್: ಮೂರು ಅಗಲ ರೆಕ್ಕೆ, ಮಡಚುವುದಿಲ್ಲ, ಹಾಯಿ ಬಿಚ್ಚಿ ಹೋಗುವಾಗ ನೀರಿನಲ್ಲಿ ಬಕೆಟ್ ಎಳೆದಂತೆ ದೋಣಿಯನ್ನು ಹಿಂದಕ್ಕೆ ಜಗ್ಗುತ್ತದೆ. ಆದರೆ ನಿಲ್ಲು ಅಂದರೆ ನಿಲ್ಲುತ್ತದೆ. ಬಲಗಡೆ ಮಡಚುವ ಪ್ರೊಪೆಲ್ಲರ್: ಎರಡೇ ರೆಕ್ಕೆ, ಎಂಜಿನ್ ಆರಿಸಿದರೆ ಮೊಗ್ಗಿನ ಹಾಗೆ ಮುಚ್ಚಿಕೊಳ್ಳುತ್ತದೆ, ದೋಣಿ ಸಲೀಸಾಗಿ ಓಡುತ್ತದೆ. ಆದರೆ ಹಿಂದಕ್ಕೆ ಹಾಕಿದಾಗ ಅದರ ಹಿಡಿತ ಸ್ವಲ್ಪ ಸಡಿಲ.

ಮೆಕ್ಯಾನಿಕ್‌ನನ್ನು ಕೇಳಿದರೆ, "ಎರಡೂ ಒಳ್ಳೇದೇ ಸಾರ್," ಅನ್ನುತ್ತಿದ್ದ. ಎರಡನ್ನೂ ಮಾರುವವನು ಇನ್ನೇನು ಹೇಳುತ್ತಾನೆ?

ಪಕ್ಕದ ದೋಣಿಯ ಕಪ್ತಾನರಿಗೆ ಮಾತ್ರ ಅನುಮಾನವೇ ಇರಲಿಲ್ಲ. ಅವರು ಯಾವ ಹಡಗಿಗೂ ಕಪ್ತಾನರಾಗಿದ್ದವರಲ್ಲ, ಕನ್ನಡಕದ ಅಂಗಡಿ ಇಟ್ಟಿದ್ದವರು. ಟೋಪಿಯಿಂದ ಆ ಹೆಸರು ಬಂದಿತ್ತು. "ಮಡಚೋದು ಹಾಕಿ ಸ್ವಾಮಿ! ಗಟ್ಟಿ ಫ್ಯಾನ್ ಹಾಕಿದ ದೋಣಿ ದೋಣಿಯಲ್ಲ, ಎತ್ತಿನ ಗಾಡಿ. ನನ್ನದು ನೋಡಿ, ಗಾಳಿ ಬಂದರೆ ಬಾಣ!"

"ಬಾಣಾನೇ ಹೌದು. ನಿಲ್ಲೋಕೆ ಗೋಡೆನೇ ಬೇಕು," ಎಂದಳು ಪಕ್ಕದಲ್ಲಿ ಬಟ್ಟೆ ಒಣಗಿಸುತ್ತಿದ್ದ ಅವರ ಹೆಂಡತಿ.

ಆ ಸಂಜೆ ಚಹಾ ಕುಡಿಯುತ್ತ ಯಜಮಾನರು ತೀರ್ಪು ಕೊಟ್ಟರು. ಮಡಚುವುದೇ. ದಿನಕ್ಕೆ ಇಷ್ಟು ಮೈಲಿ ಹೆಚ್ಚು, ರಿಪೇರಿ ಮುಗಿದ ಮೇಲೆ ಹೊರಡಲಿರುವ ಇಡೀ ಪ್ರಯಾಣಕ್ಕೆ ಇಷ್ಟು.

"ನಿಲ್ಲಿಸೋದು ಕಷ್ಟ ಅಂದಿರಲ್ಲ? ಯಾರು ಜಿಗಿಯೋದು?" ಎಂದಳು ಮೇಷ್ಟರಮ್ಮ.

"ಅದಕ್ಕೂ ಯೋಚನೆ ಮಾಡಿದೀನಿ. ಷಡ್ಡಕರನ್ನ ಕೇಳಿದೆ. ಖುಷಿಯಿಂದ ಬರ್ತಾರಂತೆ. ಜಿಮ್ಮಿಗೆ ಬೇರೆ ಹೋಗ್ತಾರೆ."

"ಮತ್ತೆ ನಾನು?"

"ನೀನು ಬಸ್ಸಲ್ಲಿ ಬಾ. ನಾವು ಹೋಗಿ ಸೇರೋ ಬಂದರಿಗೆ ನೀನೂ ನಿನ್ನ ತಂಗಿನೂ ಆರಾಮಾಗಿ ಬಂದುಬಿಡಿ. ನಿನ್ನ ಕಾಲಿಗೂ ಒಳ್ಳೇದು."

ಕೇಡು ಬಯಸಿ ಹೇಳಿದ ಮಾತಲ್ಲ ಅದು. ಅದೇ ತೊಂದರೆ. ಕೇಡು ಬಯಸಿದ್ದರೆ ಜಗಳವಾದರೂ ಆಡಬಹುದಿತ್ತು. ಮೇಷ್ಟರಮ್ಮ ಲೋಟ ತೊಳೆದಳು, ನೀರನ್ನು ನೆನಪಿಟ್ಟು ಬಕೆಟ್ಟಿಗೇ ಚೆಲ್ಲಿದಳು. ಬಸ್ ನಿಲ್ದಾಣದ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಸಮುದ್ರದ ಕಡೆಗೆ ಕತ್ತು ಚಾಚಿ ಕೂತ ತನ್ನನ್ನು ತಾನೇ ಕಂಡಳು. ಅವಳು ದೋಣಿಯಲ್ಲಿ ಹೋಗುತ್ತಿದ್ದದ್ದು ಯಾವ ಊರನ್ನೂ ನೋಡುವುದಕ್ಕಲ್ಲ. ಬಂದರು ದಾಟಿ, ಹಾಯಿ ಏರಿಸಿ, ಎಂಜಿನ್ ಆರಿಸುವ ಒಂದು ಕ್ಷಣವಿದೆ. ಸದ್ದೆಲ್ಲ ಒಮ್ಮೆಲೇ ಬಿದ್ದುಹೋಗಿ, ದೋಣಿ ಒಂದು ಪಕ್ಕಕ್ಕೆ ವಾಲಿ, ತಾನಾಗಿ ಉಸಿರೆಳೆದುಕೊಳ್ಳುತ್ತದೆ. ವರ್ಷವಿಡೀ "ಕ್ಲಚ್ಚು, ಕ್ಲಚ್ಚು, ಬ್ರೇಕು!" ಎಂದು ಕೂಗಿದ ಗಂಟಲು ಆ ಕ್ಷಣಕ್ಕಾಗಿ ಕಾದಿರುತ್ತಿತ್ತು. ಅದು ಬಸ್ಸಿನಲ್ಲಿ ಸಿಗುವುದಿಲ್ಲ. ಬಸ್ಸು ಎಂಜಿನ್ ಆರಿಸಿದರೆ ಎಲ್ಲರೂ ಇಳಿದು ತಳ್ಳಬೇಕಾಗುತ್ತದೆ.

ತಂಗಿ ಆಗಲೇ ಫೋನು ಮಾಡಿದಳು. "ಅಕ್ಕಾ, ನಮ್ಮವರು ಟೋಪಿ ಕೊಂಡುಬಿಟ್ಟಿದಾರೆ. ಮಂಚದ ಮೇಲಿಂದ ಜಿಗಿದು ಅಭ್ಯಾಸ ಬೇರೆ. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು."

ಅಂಗಳದಲ್ಲಿ ಮೆಕ್ಯಾನಿಕ್ ಸಿಕ್ಕಾಗ ಮೇಷ್ಟರಮ್ಮ ಮೆಲ್ಲಗೆ ಕೇಳಿದಳು. "ಈ ಮಡಚೋದು ಯಾಕಪ್ಪಾ ನಿಲ್ಲಲ್ಲ?"

"ನಿಲ್ಲುತ್ತೆ ಅಮ್ಮಾ. ಹಿಂದಕ್ಕೆ ಹಾಕಿದಾಗ ನೀರೇ ರೆಕ್ಕೆ ಮುಚ್ಚೋಕೆ ನೋಡುತ್ತೆ. ಜೋರಾಗಿ ತಿರುಗಿದರೆ ಮಾತ್ರ ಬಿಚ್ಚಿಕೊಳ್ಳೋದು. ಜನ ಹೆದರಿ ಅರೆಮನಸ್ಸಲ್ಲಿ ರೇಸ್ ಕೊಡ್ತಾರೆ, ಆಮೇಲೆ ಫ್ಯಾನಿಗೆ ಬೈತಾರೆ."

ಕೊಳ್ಳುವ ಮೊದಲು ಒಂದು ಸಲ ಪರೀಕ್ಷೆ ಮಾಡಿಬಿಡೋಣ ಎಂದು ಕಪ್ತಾನರು ಗಂಡ ಹೆಂಡತಿ ಇಬ್ಬರನ್ನೂ ತಮ್ಮ ದೋಣಿಯಲ್ಲಿ ಕರೆದೊಯ್ದರು. ಯಜಮಾನರು ಕತ್ತಿಗೆ ಸ್ಟಾಪ್‌ವಾಚ್ ನೇತುಹಾಕಿಕೊಂಡು ಬಂದರು. ಹೊರಗಡೆ ಎಲ್ಲ ಚೆನ್ನಾಗಿಯೇ ಇತ್ತು. ದೋಣಿ ನಿಜಕ್ಕೂ ಬಾಣದಂತೆ ಹೋಯಿತು. ಯಜಮಾನರು ಪ್ರತಿ ಸಲ ಗುಂಡಿ ಒತ್ತಿ, "ಭೇಷ್!" ಎಂದರು.

ಬಾಣ ತಿರುಗಿ ಧಕ್ಕೆಗೆ ಬರುವ ಹೊತ್ತಾಯಿತು. ಕಪ್ತಾನರು ಚಕ್ರ ಹಿಡಿದರು, ಅವರ ಹೆಂಡತಿ ಹಗ್ಗ ಹಿಡಿದು ಮುಂದೆ ಹೋದಳು. ಎಡಗಡೆ ಸಿಮೆಂಟಿನ ಧಕ್ಕೆ, ಎದುರಿಗೆ ಯಾರದೋ ಹೊಚ್ಚ ಹೊಸ ಬಿಳಿ ದೋಣಿ. ಕಪ್ತಾನರು ಗೇರನ್ನು ಹಿಂದಕ್ಕೆ ಹಾಕಿದರು. ಎಂಜಿನ್ ಗುರುಗುಟ್ಟಿತು. ದೋಣಿ ಮಾತ್ರ ಮುಂದಕ್ಕೇ ಹೋಯಿತು.

"ಜಿಗಿ!" ಎಂದು ಕೂಗಿದರು ಕಪ್ತಾನರು.

ಹೆಂಡತಿ ನಡುವಿನ ನೀರು ನೋಡಿದಳು. ಮೇಷ್ಟರಮ್ಮನ ಕಾಲು ನೋಡಿದಳು. "ಜಿಗಿಯಲ್ಲ."

"ಏನಂದೆ?"

"ಜಿಗಿಯಲ್ಲ ಅಂದೆ! ಅಷ್ಟು ಆಸೆಯಿದ್ದರೆ ನೀವೇ ಬಂದು ಜಿಗೀರಿ!"

"ಎಲ್ಲರ ಎದುರಿಗೆ ಮಾನ ಕಳೀತೀಯಲ್ಲೇ!" ಎಂದು ಕಪ್ತಾನರು ಚಕ್ರ ಬಿಟ್ಟು, ಹಗ್ಗ ಕಸಿದುಕೊಳ್ಳಲು ಮುಂದಕ್ಕೆ ಓಡಿದರು. ಚಕ್ರದ ಹಿಂದೆ ಈಗ ಯಾರೂ ಇರಲಿಲ್ಲ. ಯಜಮಾನರು ಸ್ಟಾಪ್‌ವಾಚ್ ನೋಡುತ್ತ, "ಇನ್ನೂ ನಿಂತಿಲ್ಲ... ಇನ್ನೂ ನಿಂತಿಲ್ಲ..." ಎಂದು ಪ್ರಾಮಾಣಿಕವಾಗಿ ವರದಿ ಒಪ್ಪಿಸುತ್ತಿದ್ದರು.

ಮೇಷ್ಟರಮ್ಮನ ಕಾಲು ಅಭ್ಯಾಸಬಲದಿಂದ ಇಲ್ಲದ ಬ್ರೇಕನ್ನು ಒತ್ತಿತು. ಕಿವಿ ಮಾತ್ರ ಎಂಜಿನ್ನಿನ ಸದ್ದು ಕೇಳುತ್ತಿತ್ತು. ಆ ಸದ್ದು ಅವಳಿಗೆ ಹೊಸದಲ್ಲ. ಪಕ್ಕದ ಸೀಟಿನಲ್ಲಿ ಬೆವರುತ್ತ, ಪೆಡಲ್ ಮೇಲೆ ಬೆರಳ ತುದಿ ಮಾತ್ರ ಇಟ್ಟ ಸಾವಿರ ಮಂದಿಯ ಸದ್ದು. ಅರೆಮನಸ್ಸು.

ಅವಳು ಚಕ್ರದ ಹಿಂದೆ ಬಂದು ನಿಂತಳು. ಗೇರು, ರೇಸು ಎರಡಕ್ಕೂ ಒಂದೇ ಆದ ಹಿಡಿಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಎಳೆದಳು. ಎಂಜಿನ್ ಕಿರುಚಿತು. ಕಪ್ತಾನರೂ ಕಿರುಚಿದರು. ಕೆಳಗೆಲ್ಲೋ ರೆಕ್ಕೆ ಪಟ್ಟನೆ ಬಿಚ್ಚಿಕೊಂಡದ್ದು ಅವಳ ಅಂಗಾಲಿಗೆ ತಿಳಿಯಿತು. ದೋಣಿ ನಡುಗಿ, ನೀರು ನೊರೆ ಎದ್ದು, ಹಿಂಭಾಗ ತಾನಾಗಿ ಎಡಕ್ಕೆ ಸರಿದು ಧಕ್ಕೆಯ ಪಕ್ಕಕ್ಕೆ ಬಂದು ಕೂತಿತು. ಸರಿಯಾಗಿ ಆಗಲೇ ಅವಳು ಹಿಡಿಯನ್ನು ನಡುವಿಗೆ ತಂದಳು. ಬಿಳಿ ದೋಣಿಗೂ ಇವರಿಗೂ ನಡುವೆ ಒಬ್ಬರು ತೂರಿ ಹೋಗುವಷ್ಟು ಜಾಗ ಉಳಿಯಿತು. ಕಪ್ತಾನರ ಹೆಂಡತಿ ಹಗ್ಗ ಹಿಡಿದು, ಬಸ್ಸಿಂದಿಳಿಯುವ ಹಾಗೆ ಕಾಲಿಟ್ಟು ಇಳಿದು ಕಟ್ಟಿದಳು.

"ಅಕ್ಕಾ, ಇಷ್ಟು ವರ್ಷ ಎಲ್ಲಿದ್ರಿ ನೀವು?" ಎಂದಳು.

"ಮುಂದೆ. ಹಗ್ಗ ಹಿಡ್ಕೊಂಡು."

ಮನೆಗೆ, ಅಂದರೆ ಏಣಿಯ ಬುಡಕ್ಕೆ, ಬರುವಷ್ಟರಲ್ಲಿ ಯಜಮಾನರ ಮುಖ ಅರಳಿತ್ತು. "ನೋಡಿದೆಯಾ! ಮಡಚೋದೂ ಸೊಗಸಾಗಿ ನಿಲ್ಲುತ್ತೆ. ನೀನೇ ನಿಲ್ಲಿಸಿದೆ. ನಿನ್ನ ತಕರಾರೇ ಬಿದ್ದುಹೋಯ್ತು!"

ಮೇಷ್ಟರಮ್ಮ ಮೊದಲ ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಂಡಳು. ಅವರು ಹೇಳಿದ್ದು ನಿಜ. ಇಷ್ಟು ದಿನ ಅವಳು ಮನಸ್ಸಿನಲ್ಲೇ ಮೂರು ರೆಕ್ಕೆಯ ಪರ ವಾದಿಸುತ್ತಿದ್ದಳು. ಕಂಚಿನ ಒಂದು ಮುದ್ದೆ ತನ್ನನ್ನು ಬಸ್ಸಿನಿಂದ ಉಳಿಸುತ್ತದೆಂದು ನಂಬಿದ್ದಳು. ಈಗ ನೋಡಿದರೆ ಜಗಳ ಇದ್ದದ್ದು ನೀರಿನ ಕೆಳಗಲ್ಲ.

"ಹೌದು ಕಣ್ರೀ. ಬಿದ್ದೇ ಹೋಯ್ತು. ಮಡಚೋದೇ ತಗೊಳ್ಳಿ."

"ಹಾಗೆ ಬಾ ದಾರಿಗೆ!"

"ಚಕ್ರ ನಾನು ಹಿಡೀತೀನಿ. ಹಗ್ಗ ನೀವು ಹಿಡೀರಿ."

ಯಜಮಾನರ ಕತ್ತಿನ ಸ್ಟಾಪ್‌ವಾಚ್ ಟಿಕ್ ಟಿಕ್ ಅನ್ನುತ್ತಲೇ ಇತ್ತು. ಆರಿಸಲು ಮರೆತಿದ್ದರು. "ನಾನಾ?"

"ನಿಮ್ಮ ಮೊಣಕಾಲು ಚೆನ್ನಾಗಿದೆಯಲ್ಲ."

"ಷಡ್ಡಕರು ಬರ್ತಾರಲ್ಲೇ..."

"ಬರಲಿ. ತಂಗಿ ಜೊತೆ ಬಸ್ಸಲ್ಲಿ ಬರಲಿ. ಟೋಪಿ ಹಾಕ್ಕೊಂಡೇ ಬರಲಿ. ದೋಣಿಯಲ್ಲಿ ಇರೋದು ಎರಡೇ ಹಾಸಿಗೆ, ಒಂದರಲ್ಲಿ ನಾನಿರ್ತೀನಿ. ನಾನು ಕೆಳಗಿಳಿಯಲ್ಲ."

ದನಿ ಏರಿಸಿರಲಿಲ್ಲ. ಡ್ರೈವಿಂಗ್ ಶಾಲೆಯಲ್ಲೂ ಅವಳು ಪರೀಕ್ಷೆಯ ದಿನ ದನಿ ಏರಿಸುತ್ತಿರಲಿಲ್ಲ.

ಯಜಮಾನರು ಧಕ್ಕೆಯ ಕಡೆ ನಡೆದರು. ಅಲ್ಲಿ ಅಂಚಿನಲ್ಲಿ ನಿಂತು ಕೆಳಗಿನ ನೀರನ್ನು ಬಹಳ ಹೊತ್ತು ನೋಡಿದರು. ಎರಡು ಕೈ ಅಗಲಿಸಿ ಗಾಳಿಯಲ್ಲಿ ಒಂದು ಅಂತರ ಅಳೆದರು. ಆ ಕೈಗಳನ್ನು ಹಾಗೇ ಅಗಲಿಸಿಟ್ಟುಕೊಂಡು ಯಾರದೋ ದೋಣಿಯವರೆಗೆ ಹೋಗಿ ತಾಳೆ ನೋಡಿದರು. ಒಂದು ಕಲ್ಲು ಹಾಕಿ ಆಳ ಕೇಳಿಸಿಕೊಂಡರು. ಕೊನೆಗೆ, ಯಾರೂ ಇಲ್ಲವೆಂದುಕೊಂಡು, ನೆಲದ ಮೇಲೆಯೇ ಒಂದು ಸಲ ಜಿಗಿದರು. ಏಣಿಯ ಬುಡದಲ್ಲಿ ಕೂತಿದ್ದವಳು ಮುಖ ಬೇರೆ ಕಡೆ ತಿರುಗಿಸಿದಳು. ನಗು ತಡೆಯಲು ಅದೊಂದೇ ದಾರಿ ಇತ್ತು.

ಬೆಳಗ್ಗೆ ಅವಳು ಏಣಿ ಇಳಿಯುವಾಗ ದೋಣಿಯ ಹೊಟ್ಟೆಯ ಅಂಕಿಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಲಾಗಿತ್ತು. ಯಜಮಾನರು ಮೆಕ್ಯಾನಿಕ್‌ನ ಶೆಡ್ಡಿನಲ್ಲಿ ನಿಂತು ಗಂಭೀರವಾಗಿ ಮಾತಾಡುತ್ತಿದ್ದರು.

"ವೇಗ ವೇಗ ಅಂತ ಜನ ಸಾಯ್ತಾರಪ್ಪಾ. ಎಲ್ಲಿಗೆ ಓಡಬೇಕು ನಾವು? ಎಲ್ಲ ಕಡೆಯಿಂದ ತೂಗಿ ನೋಡಿದೆ. ವೈಜ್ಞಾನಿಕವಾಗಿ ನೋಡಿದರೆ ಮೂರು ರೆಕ್ಕೆಯ ಗಟ್ಟಿದೇ ಸರಿ. ಚೆನ್ನಾಗಿ ನಿಲ್ಲುತ್ತೆ ತಾನೇ? ಪೂರ್ತಿ ನಿಲ್ಲುತ್ತಾ? ಧಕ್ಕೆಗೆ ಅಂಟಿಕೊಂಡ ಹಾಗೆ?"

"ನಿಲ್ಲುತ್ತೆ ಸಾರ್."

"ನಾಲ್ಕು ರೆಕ್ಕೆಯದು ಬರುತ್ತಾ?"

"ಬರುತ್ತೆ. ಆದರೆ ನಿಮ್ಮದು ಹಾಯಿದೋಣಿ ಸಾರ್, ಹಡಗಲ್ಲ."

ಮೂರಕ್ಕೇ ಒಪ್ಪಂದವಾಯಿತು. ಹೊಳೆಯುವ ಕಂಚು ಬಂತು, ಕೂತಿತು. ಹೊಸ ಸತುವಿನ ತುಂಡೂ ಬೂದಿ ಬಣ್ಣದಲ್ಲೇ ಕೂತಿತು. ಕ್ರೇನು ದೋಣಿಯನ್ನು ಎತ್ತಿ ನೀರಿಗಿಳಿಸಿದ ದಿನ ಗಾಳಿ ಇರಲಿಲ್ಲ. ಬಂದರಿನಲ್ಲೇ ಒಂದು ಸುತ್ತು ಹೋಗಿ ಬರೋಣವೆಂದು ಹೊರಟರು. ಮೇಷ್ಟರಮ್ಮ ಹಿಂದೆ, ಚಕ್ರದ ಬಳಿ. ಯಜಮಾನರು ಮುಂದೆ, ಹಗ್ಗದ ಜೊತೆ, ಮೈಗೆ ತೇಲುವ ಜಾಕೆಟ್ಟು ಬಿಗಿದುಕೊಂಡು. ಧಕ್ಕೆಯ ಮೇಲೆ ಕಪ್ತಾನರ ಹೆಂಡತಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅವಳ ಪಕ್ಕದಲ್ಲಿ ಇನ್ನೂ ಮೂರು ದೋಣಿಯ ಹೆಂಗಸರು.

"ನಿಧಾನ ಕಣೇ!" ಎಂದು ಯಜಮಾನರು ಮುಂದಿನಿಂದ ಕೂಗಿದರು. "ಇನ್ನೂ ಹತ್ತಿರ! ಇನ್ನೂ!"

ಮೂರು ರೆಕ್ಕೆ ಅವಳು ಹೇಳಿದ ಹಾಗೆ ಕೇಳುತ್ತಿತ್ತು. ಬೇಕೆಂದರೆ ದೋಣಿಯನ್ನು ಧಕ್ಕೆಗೆ ಲಕೋಟೆಗೆ ಅಂಚೆಚೀಟಿ ಹಚ್ಚಿದ ಹಾಗೆ ಹಚ್ಚಬಹುದಿತ್ತು. ಮೇಷ್ಟರಮ್ಮ ಗಂಡನ ಬೆನ್ನು ನೋಡಿದಳು. ಆ ಜಾಕೆಟ್ಟು, ಎರಡು ಕೈಯಲ್ಲಿ ಎದೆಗೊತ್ತಿಕೊಂಡ ಹಗ್ಗ, ಬಿಗಿದ ಭುಜ. ವರ್ಷಗಟ್ಟಲೆ ಅವರಿಗೆ ಕಂಡದ್ದು ತನ್ನ ಇಂಥದೇ ಬೆನ್ನು. ಪಾಪ, ಬೆನ್ನಿನಿಂದ ಏನೂ ಗೊತ್ತಾಗುವುದಿಲ್ಲ.

ಹಿಡಿಯನ್ನು ಹಿಂದಕ್ಕೆ ಎಳೆದು, ದೋಣಿಯನ್ನು ಅಲ್ಲೇ ನಿಲ್ಲಿಸಿದಳು. ಧಕ್ಕೆಗೂ ದೋಣಿಗೂ ನಡುವೆ ಒಂದು ಗೇಣು ನೀರು ಬಿಟ್ಟಳು. ಅದು ಅವರ ಮರ್ಯಾದೆಗೋ, ತನ್ನ ತುಂಟತನಕ್ಕೋ ಎಂದು ಕೇಳಿದ್ದರೆ ಅವಳು ಖಂಡಿತ ಹೇಳುತ್ತಿರಲಿಲ್ಲ.

"ರೀ, ಜಿಗೀರಿ," ಎಂದಳು.

ಯಜಮಾನರು ಕೆಳಗೆ ನೋಡಿದರು, ಕಣ್ಣಲ್ಲೇ ಅಳೆದರು, ಉಸಿರು ಹಿಡಿದರು, ಒಂದು ಗೇಣಿಗೆ ಎಂಟು ಗೇಣಿನಷ್ಟು ಜಿಗಿದು ಹೋಗಿ, ಕುರ್ಚಿಯಲ್ಲಿದ್ದ ಹೆಂಗಸರ ನಡುವೆ ಬಿದ್ದರು.