ಎಸ್ತೆರಿನಾಳ ಹಾಡು

"ಇನ್ನು ಒಂದೇ ಒಂದು ಪ್ರಶ್ನೆ ಅಪ್ಪ," ಎಂದಳು ಲೊರೆದಾನಾ.

"ನಿನ್ನೇನೂ ಒಂದೇ ಇತ್ತು," ಎಂದ ದುಯಿಲಿಯೊ. ಎಪ್ಪತ್ತೊಂಬತ್ತರ ಮುದುಕ ವಿಲ್ಲಾದ ಈಜುಕೊಳದ ಪಕ್ಕ, ಸಾಕ್ಸ್ ಕೂಡ ಬಿಚ್ಚದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ. ಯಾರೂ ಹೇಳಿರಲಿಲ್ಲ. ಸುಮ್ಮನೆ ಕೂರುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಇದನ್ನು ರಜೆ ಎಂದು ಕರೆದವಳು ಲೊರೆದಾನಾಳೇ. ಮಿಲಾನಿನಿಂದ ಗಂಡನನ್ನೂ ಅಪ್ಪನನ್ನೂ ಕಾರಿಗೆ ತುಂಬಿಕೊಂಡು ಕಿಯಾಂತಿಯ ಈ ಗುಡ್ಡಕ್ಕೆ, ಸರಿಯಾಗಿ ದ್ರಾಕ್ಷಿ ಕೊಯ್ಲಿನ ವಾರಕ್ಕೆ ಬಂದಿಳಿದಿದ್ದಳು. ದುಯಿಲಿಯೊ ಹುಟ್ಟಿದ್ದು ಇದೇ ತೋಟದಲ್ಲಿ, ಅವನ ಮನೆಯವರು ಬೆಳೆದದ್ದರಲ್ಲಿ ಅರ್ಧವನ್ನು ಧಣಿಗೆ ಅಳೆದುಕೊಡುತ್ತಿದ್ದ ಕಾಲದಲ್ಲಿ. ಹದಿನೇಳಕ್ಕೆ ಊರು ಬಿಟ್ಟವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅಂದು ಧಣಿಯ ಮನೆಯಾಗಿದ್ದದ್ದೇ ಇಂದಿನ ವಿಲ್ಲಾ.

ನಾಲ್ಕು ವರ್ಷದಿಂದ ಲೊರೆದಾನಾ ಅಪ್ಪನ ಅವ್ವ, ಅಜ್ಜಿ ಎಸ್ತೆರಿನಾಳ ಮೇಲೆ ಕಾದಂಬರಿ ಬರೆಯುತ್ತಿದ್ದಳು. ಅಜ್ಜಿಯನ್ನು ಕಂಡವಳಲ್ಲ. ಕೊಯ್ಲಿನಲ್ಲಿ ಅವ್ವ ಬೆಳಗಿನಿಂದ ಸಂಜೆಯವರೆಗೆ ಹಾಡುತ್ತಿದ್ದಳು ಎಂದು ಅಪ್ಪ ಯಾವಾಗಲೋ ಹೇಳಿದ್ದ. ಕೇಳಿದಾಗ ಹಾಡನ್ನೂ ಬರೆಸಿದ್ದ. ಆ ಒಂದೆಳೆ ಹಿಡಿದು ಇನ್ನೂರೆಂಬತ್ತು ಪುಟ ನೇಯ್ದಿದ್ದಳು. ಬಡತನವನ್ನು ಹಾಡಿ ಹಗುರ ಮಾಡಿಕೊಂಡ ಹೆಣ್ಣು! ಹಿಂದಿನ ಎರಡು ಪುಸ್ತಕಗಳು ನೆಲಕಚ್ಚಿದ್ದವು. ಇದೂ ಕೈಕೊಟ್ಟರೆ ಪ್ರಕಾಶಕ ಫೋನ್ ಎತ್ತುವುದಿಲ್ಲ. ಐವತ್ತರ ಹೆಣ್ಣುಮಗಳು ಈ ಪುಸ್ತಕ ಗೆಲ್ಲುತ್ತದೆ ಎಂದು ತನ್ನನ್ನು ತಾನೇ ನಂಬಿಸಿಕೊಂಡು ನಂಬಿಸಿಕೊಂಡು ಸುಸ್ತಾಗಿದ್ದಳು.

"ಮಾವನ್ನ ಬಿಡೇ," ಎಂದ ಗಂಡ ಕೊರ್ರಾದೊ, ಕೊಳದ ನೀರಿನಿಂದ ತಲೆಯೆತ್ತಿ. "ಸಮುದ್ರಕ್ಕೆ ಹೋದ್ರೆ ಮೀನುಗಾರರ ಕಥೆ, ಬೆಟ್ಟಕ್ಕೆ ಹೋದ್ರೆ ಕುರುಬರ ಕಥೆ. ಮದುವೆಯಾಗಿ ಇಪ್ಪತ್ತೆರಡು ವರ್ಷ, ಒಂದು ರಜೆ ಕಂಡಿಲ್ಲ ಮಾರಾಯ್ತಿ. ನಿನ್ನ ಪುಸ್ತಕದ ಹಿಂದೆ ಚೀಲ ಹೊತ್ತಿದ್ದೇ ಬಂತು."

ಅವಳು ಉತ್ತರ ಕೊಡುವ ಮೊದಲೇ ವಿಲ್ಲಾ ನೋಡಿಕೊಳ್ಳುವ ಇವಾನಾ ಅಂಗಳಕ್ಕೆ ಬಂದಳು.

"ನಾಳೆ ಬೆಳಿಗ್ಗೆ ಅತಿಥಿಗಳ ಕೊಯ್ಲು! ಕತ್ತರಿ, ಬುಟ್ಟಿ, ಹುಲ್ಲಿನ ಟೋಪಿ ಎಲ್ಲ ನಾವೇ ಕೊಡ್ತೀವಿ. ಹಳೇ ಕಾಲದ ಹಾಗೆ ಹಾಡ್ತಾ ಕೊಯ್ಯೋದು. ದುಯಿಲಿಯೊ ಅವರೇ, ನಿಮಗೆ ಆ ಹಾಡು ಬರುತ್ತಂತೆ, ಮಗಳು ಹೇಳಿದ್ರು. ನೀವೇ ಶುರು ಮಾಡ್ಬೇಕು."

ಅವಳು ಹೋಗುವವರೆಗೂ ದುಯಿಲಿಯೊ ನಾರು ತೆಗೆಯುತ್ತಲೇ ಇದ್ದ. ಆಮೇಲೆ ಕೇಳಿದ: "ನಾವು ಯಾಕೆ ಹಾಡ್ತಿದ್ವಿ ಗೊತ್ತೇನೇ ನಿಂಗೆ?"

"ಖುಷಿಗೆ... ಆಯಾಸ ಮರೆಯೋಕೆ."

"ಖುಷಿಗೆ!" ಮುದುಕ ನಕ್ಕ. ಚೆನ್ನಾದ ನಗುವಾಗಿರಲಿಲ್ಲ. "ಹಾಡ್ತಿರೋ ಬಾಯಿ ತಿನ್ನೋಕಾಗಲ್ವಲ್ಲ, ಅದಕ್ಕೆ. ಸಾಲಿನ ತುದೀಲಿ ಧಣಿಯ ಮೇಸ್ತ್ರಿ ನಿಂತಿರ್ತಿದ್ದ. ಯಾರ ದನಿ ನಿಲ್ತೋ ಅವರ ಬಾಯಲ್ಲಿ ದ್ರಾಕ್ಷಿ ಇದೆ ಅಂತ. 'ಎಸ್ತೆರಿನಾ, ಕೇಳಿಸ್ತಿಲ್ಲ!' ಅಂತ ಕೂಗೋನು. ತಂಗಿ ಹೊಟ್ಟೇಲಿದ್ದಾಗ ಅವ್ವಂಗೆ ದ್ರಾಕ್ಷಿದೇ ಬಯಕೆ. ಕಣ್ಣೆದುರಿಗೇ ಗೊಂಚಲು ತೂಗ್ತಿತ್ತು. ಹಾಡ್ತಾನೇ ಇದ್ಳು, ಗಂಟಲು ಕಟ್ಟಿದ್ರೂ."

"ಇಷ್ಟು ವರ್ಷ ಯಾಕಪ್ಪ ಹೇಳ್ಲಿಲ್ಲ?"

"ಯಾವ ಹಾಡು ಅಂತ ನೀನು ಕೇಳ್ದೆ, ನಾನು ಹೇಳ್ದೆ. ಯಾಕೆ ಅಂತ ನೀನು ಕೇಳ್ಲೇ ಇಲ್ಲವಲ್ಲ ಮಗಳೇ."

ಲೊರೆದಾನಾ ಕೋಣೆಗೆ ಹೋಗಿ ಹಸ್ತಪ್ರತಿ ತೆರೆದಳು. ಪುಟ ಪುಟದಲ್ಲೂ ಎಸ್ತೆರಿನಾ ಹಾಡುತ್ತಿದ್ದಳು, ಕೆನ್ನೆ ಕೆಂಪಗೆ, ಕಣ್ಣು ಅರ್ಧ ಮುಚ್ಚಿ. ಓದಲಾಗಲಿಲ್ಲ. ಹೀಗೇ ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಅನಿಸಿತು. ಹಾಗನಿಸಿದ್ದಕ್ಕೆ ನಾಚಿಕೆಯಾಯಿತು, ನಾಚಿಕೆಯಾದರೂ ಆ ಯೋಚನೆ ಜಾಗ ಬಿಟ್ಟು ಕದಲಲಿಲ್ಲ.

ಮರುದಿನ ಅಪ್ಪ ಬರುವುದಿಲ್ಲ ಎಂದುಕೊಂಡಿದ್ದಳು. ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಟೋಪಿ ಬೇಡವೆಂದು, ಎಲ್ಲರಿಗಿಂತ ಮುಂದೆ ಸಾಲಿನ ಬಾಯಲ್ಲಿ ನಿಂತ. ಹತ್ತು ಹನ್ನೆರಡು ಅತಿಥಿಗಳು ಫೋನ್ ಎತ್ತಿ ಹಿಡಿದರು. ಕೊರ್ರಾದೊ ಖಾಲಿ ಬುಟ್ಟಿ ಹೊತ್ತು ಆಕಳಿಸುತ್ತಿದ್ದ.

"ಶುರು ಮಾಡಿ ದುಯಿಲಿಯೊ ಅವರೇ!" ಇವಾನಾ ಚಪ್ಪಾಳೆ ತಟ್ಟಿದಳು.

ದುಯಿಲಿಯೊ ಎಲೆ ಸರಿಸಿ ಒಂದು ಗೊಂಚಲು ಕತ್ತರಿಸಿದ. ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ. ಆಮೇಲೆ ಇನ್ನೊಂದು. ಅವಸರವೇನೂ ಇಲ್ಲದೆ, ಬೀಜ ಸಮೇತ, ಎಲ್ಲರ ಕಣ್ಣೆದುರು ಅಗಿದ. ಇವಾನಾಳ ನಗು ಮುಖದ ಮೇಲೆ ಹಾಗೇ ಉಳಿಯಿತು.

"ಲೊರೆದಾನಾ, ನೀವಾದ್ರೂ ಹಾಡಿ. ನಿಮಗೂ ಬಾಯಿಪಾಠ ಅಂದ್ರಲ್ಲ?"

ಬಾಯಿಪಾಠವೇ ಆಗಿತ್ತು. ಒಂದೊಂದು ನುಡಿಗೂ ಒಂದೊಂದು ಅಧ್ಯಾಯ ಬರೆದವಳು ಅವಳು. ಅವಳು ಅಪ್ಪನ ಕಡೆ ನೋಡಿದಳು. ಅವನು ಉಳಿದ ಗೊಂಚಲನ್ನು ಅವಳತ್ತ ಚಾಚಿದ.

ಲೊರೆದಾನಾ ಹಿಡಿಯಷ್ಟು ಹಣ್ಣು ಕಿತ್ತು ಒಮ್ಮೆಗೇ ಬಾಯಿಗೆ ತುಂಬಿಕೊಂಡಳು. ಕೆನ್ನೆ ಉಬ್ಬಿತು. ಬಿಸಿಲಿಗೆ ಕಾದ ಹಣ್ಣು, ಸಿಪ್ಪೆ ಒಗರು. ಇವಾನಾ ಮತ್ತೇನೋ ಕೇಳಿದಳು. ಉತ್ತರಿಸಲು ಬಾಯಲ್ಲಿ ಜಾಗವಿರಲಿಲ್ಲ. ಬೇರೆ ಯಾರೋ ಬೇರೆ ಯಾವುದೋ ಹಾಡು ಎತ್ತಿಕೊಂಡರು. ಅಪ್ಪ, ಮಗಳು ಸಾಲಿನ ಬಾಯಲ್ಲೇ ನಿಂತು ಅಗಿಯುತ್ತಲೇ ಇದ್ದರು. ಗಲ್ಲದಿಂದ ಇಳಿದ ರಸ ಅವನ ಬಿಳಿ ಅಂಗಿಯ ಮೇಲೆ ತೊಟ್ಟಿಕ್ಕುತ್ತಿತ್ತು, ಇಬ್ಬರೂ ಒರೆಸಲು ಹೋಗಲಿಲ್ಲ.