ಗುಡುಗಿಗೆ ಕಿತ್ತ ಪ್ಲಗ್ಗು

ಟ್ಯೂಬಿಗೆ ತೇಪೆ ಹಾಕುವ ರಬ್ಬರ್ ಸಲ್ಯೂಷನ್ನಿನ ವಾಸನೆ ಬಂದರೆ ನನಗೆ ಇವತ್ತಿಗೂ ಅಕ್ಕನ ಬೆರಳುಗಳು ನೆನಪಾಗುತ್ತವೆ. ಮನೆಯ ಮುಂಭಾಗದಲ್ಲೇ ಅಪ್ಪನ ಸೈಕಲ್ ರಿಪೇರಿ ಅಂಗಡಿ. ಶಾಲೆ ಬಿಟ್ಟೊಡನೆ ನಾವು ಮೂವರೂ ಅಲ್ಲಿಗೇ ಓಡುತ್ತಿದ್ದೆವು. ಅಕ್ಕ ಟ್ಯೂಬನ್ನು ನೀರಿನಲ್ಲಿ ಅದುಮಿ, ಗುಳ್ಳೆ ಏಳುವ ಜಾಗ ಹುಡುಕಿ, ಸಲ್ಯೂಷನ್ ಹಚ್ಚಿ, ಉಫ್ ಎಂದು ಊದಿ ಒಣಗಿಸುವಳು. ಆ ಕೈಯಲ್ಲೇ ಬೆಳಿಗ್ಗೆ ನನ್ನ ಜಡೆ ಹೆಣೆಯುವಳು. ಎಷ್ಟು ಸೋಪು ತಿಕ್ಕಿದರೂ ವಾಸನೆ ಹೋಗುತ್ತಿರಲಿಲ್ಲ. ಶಾಲೆಯಲ್ಲಿ ಪಕ್ಕ ಕೂರುವ ಹುಡುಗಿ ಮೂಗು ಮುಚ್ಚಿಕೊಂಡು, "ನಿನ್ನ ತಲೆ ಪಂಕ್ಚರ್ ಆಗಿದೆಯೇನೇ?" ಎನ್ನುತ್ತಿದ್ದಳು.

ನಮ್ಮ ತಮ್ಮ ಕಡ್ಡಿಯ ಹಾಗೆ ಉದ್ದಕ್ಕೆ ಬೆಳೆದವನು. ಗಿರಾಕಿಗಳು ಅವನನ್ನು ಟ್ಯೂಬು ಎಂದು ಕರೆದರು, ತಲೆ ನರೆತರೂ ಅದೇ ಹೆಸರು ಉಳಿಯಿತು. ಅಪ್ಪನ ನಂತರ ಅಂಗಡಿ ಅವನ ಪಾಲಿಗೆ ಬಂತು. ಈಗ ಅಲ್ಲಿ ಸೈಕಲ್ಲುಗಳಿಗಿಂತ ಎಲೆಕ್ಟ್ರಿಕ್ ಬೈಕುಗಳೇ ಹೆಚ್ಚು. ಅವನದೂ ಒಂದಿದೆ. ಮನೆಯವರಿಗಿಂತ ಹೆಚ್ಚಾಗಿ ಅದನ್ನು ಒರೆಸುತ್ತಾನೆಂದು ಅವನ ಹೆಂಡತಿಯ ದೂರು.

ಅಕ್ಕನಿಗೆ ಹೃದಯದ ಆಪರೇಷನ್ ಆಗಬೇಕಿತ್ತು. ಹಿಂದಿನ ದಿನ ಆಸ್ಪತ್ರೆಯಿಂದ ಫೋನ್ ಮಾಡಿದಳು.

"ನಾಳೆ ಬೆಳಿಗ್ಗೆ ನಂದೇ ಮೊದಲ್ನೇದಂತೆ. ಒಳಗೆ ಕರ್ಕೊಂಡು ಹೋಗೋಕೆ ಮುಂಚೆ ನಿಮ್ಮಿಬ್ಬರ ಮುಖ ನೋಡ್ಬೇಕು ಕಣೇ. ಒಬ್ಬೊಬ್ಬರೇ ಬರಬೇಡಿ. ಜೊತೇಲಿ ಬನ್ನಿ."

"ಯಾಕೆ, ಒಬ್ಬೊಬ್ಬರೇ ಬಂದ್ರೆ ಗುರುತು ಸಿಗಲ್ವಾ?" ಎಂದೆ.

"ನೀವಿಬ್ಬರೂ ಜಗಳ ಆಡ್ತಾ ಬಂದ್ರೆ ನಂಗೆ ಧೈರ್ಯ," ಎಂದು ನಕ್ಕಳು.

ಮರುದಿನ ಬೆಳಿಗ್ಗೆ ಆಕಾಶವೇ ತೂತಾದಂತೆ ಮಳೆ. ಟ್ಯೂಬು ಮೊಣಕಾಲುದ್ದದ ರೈನ್‌ಕೋಟ್ ತೊಟ್ಟು ಬಾಗಿಲಿಗೆ ಬಂದ. ಬೈಕಿನ ಮೀಟರಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ದಾರ ಕಟ್ಟಿದ್ದ.

"ಆಟೋದಲ್ಲಿ ಹೋಗೋಣ್ವೇನೋ?"

"ಈ ಮಳೇಲಿ ಯಾವ ಮಹಾರಾಯ ಆಟೋ ನಿಲ್ಲಿಸ್ತಾನೆ ಚಿಕ್ಕಕ್ಕ? ಹತ್ತು. ಗಟ್ಟಿಯಾಗಿ ಹಿಡ್ಕೋ. ನನ್ನ ಕುತ್ತಿಗೆ ಬಿಟ್ಟು ಬೇರೆಲ್ಲಾದ್ರೂ."

ಅವನು ಮಳೆಯಲ್ಲಿ ಗಾಡಿ ಓಡಿಸುವುದನ್ನು ನೋಡಬೇಕು. ರಸ್ತೆಯ ಬಿಳಿ ಪಟ್ಟಿಯ ಮೇಲೆ ಚಕ್ರ ಇಡುವುದಿಲ್ಲ, ಅದು ಜಾರುತ್ತದೆ. ಚರಂಡಿಯ ಕಬ್ಬಿಣದ ಮುಚ್ಚಳ ಕಂಡರೆ ಸುತ್ತಿ ಹೋಗುತ್ತಾನೆ. ನಿಂತ ನೀರಿನ ಆಳ ಗೊತ್ತಿಲ್ಲದಿದ್ದರೆ ಮುಂದಿನ ಗಾಡಿ ದಾಟುವವರೆಗೆ ಕಾಯುತ್ತಾನೆ. ಬೈಕಿಗೆ ಸದ್ದಿಲ್ಲದ್ದರಿಂದ ಛತ್ರಿಯಡಿ ತಲೆ ತಗ್ಗಿಸಿ ನಡೆಯುವವರು ಥಟ್ಟನೆ ಅಡ್ಡ ಬರುತ್ತಿದ್ದರು. ಅವನು ಹಾರ್ನ್ ಹೊಡೆದು ಬೆಚ್ಚಿಬೀಳಿಸದೆ, "ಅಮ್ಮಾ, ಸ್ವಲ್ಪ ದಾರಿ," ಎಂದು ಕೂಗುತ್ತಿದ್ದ.

ರೈಲ್ವೆ ಹಳಿಯ ಕೆಳಗಿನ ರಸ್ತೆಯಲ್ಲಿ ಎದೆಮಟ್ಟ ನೀರು. ಪೊಲೀಸಿನವನು ಎಲ್ಲರನ್ನೂ ವಾಪಸು ಕಳಿಸುತ್ತಿದ್ದ. ಸುತ್ತು ಹಾಕಿ ಮೇಲ್ಸೇತುವೆಗೆ ಬಂದೆವು. ಏರು ಶುರುವಾಗುತ್ತಲೇ ಬೈಕು ದಮ್ಮು ಕಟ್ಟಿದವರ ಹಾಗೆ ನಿಧಾನವಾಯಿತು. ಆಮೇಲೆ ನಿಂತೇಬಿಟ್ಟಿತು.

"ಒಳಗೆ ನೀರು ಹೋಯ್ತೇನೋ?"

ಅವನು ಇಳಿದು ಮೀಟರಿನ ಮೇಲಿನ ಪ್ಲಾಸ್ಟಿಕ್ ಬಿಚ್ಚಿದ. ಮತ್ತೆ ಕಟ್ಟಿದ.

"ನೀರಲ್ಲ. ಚಾರ್ಜೇ ಇಲ್ಲ," ಎಂದ. "ರಾತ್ರಿ ಹಾಕಿದ್ದೆ. ಗುಡುಗು ಬಂತು. ನಿದ್ದೆಗಣ್ಣಲ್ಲೇ ಎದ್ದು ಕಿತ್ತುಬಿಟ್ಟೆ. ಬೆಳಿಗ್ಗೆ ನೋಡಿದ್ರೆ ಕಾಲು ಭಾಗ ಇತ್ತು. ಹತ್ತಿರದ ದಾರಿ, ಸಾಕಾಗುತ್ತೆ ಅಂದ್ಕೊಂಡೆ. ಈ ಸುತ್ತು ಬೀಳುತ್ತೆ ಅಂತ ಯಾರಿಗೆ ಗೊತ್ತಿತ್ತು?"

ನಾನೂ ನನ್ನ ಮನೆಯಲ್ಲಿ ಅದೇ ಗುಡುಗಿಗೆ ಎದ್ದು ಫ್ರಿಜ್ಜು, ಟೀವಿ ಎಲ್ಲದರ ಪ್ಲಗ್ಗನ್ನೂ ಕಿತ್ತು ಮಲಗಿದ್ದೆ. ಚಿಕ್ಕಂದಿನಲ್ಲಿ ಒಮ್ಮೆ ಸಿಡಿಲು ಬಡಿದು ಅಪ್ಪನ ರೇಡಿಯೋ ಸುಟ್ಟು ಕರಕಲಾಗಿತ್ತು. ಅಂದಿನಿಂದ ಮೊದಲ ಗುಡುಗು ಕೇಳಿದ ಕೂಡಲೇ ಅಕ್ಕ ನಮ್ಮಿಬ್ಬರನ್ನು ಎಬ್ಬಿಸುತ್ತಿದ್ದಳು. "ನೀನು ಅಡುಗೆಮನೆ, ನೀನು ಅಂಗಡಿ, ಓಡಿ!" ಮೂರು ಮನೆಗಳಾಗಿ ಚದುರಿದ ಮೇಲೂ ನಾವು ಹಾಗೇ ಏಳುತ್ತೇವೆ.

"ನೀನು ಯಾವುದಾದ್ರೂ ಗಾಡಿ ಹಿಡಿದು ಹೋಗು ಚಿಕ್ಕಕ್ಕ. ನಾನು ತಳ್ಕೊಂಡು ಬರ್ತೀನಿ."

"ಜೊತೇಲಿ ಬನ್ನಿ ಅಂದಿದ್ದಾಳೆ."

ಇಬ್ಬರೂ ತಳ್ಳಿದೆವು. ಬ್ಯಾಟರಿಯ ಬೈಕು ಹೆಣಭಾರ. ಸೇತುವೆಯಾಚೆ ಒಂದು ಹೊಲಿಗೆ ಅಂಗಡಿಯ ಹೆಂಗಸು ನಮ್ಮನ್ನು ಕಂಡು ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದ್ದು ಬಂದಳು. ಆಸ್ಪತ್ರೆ ಎಂದಿದ್ದೇ ತಡ, "ಗಾಡಿ ಒಳಗೆ ನಿಲ್ಲಿಸಿ ಅಣ್ಣ," ಎಂದು, ಹೊಲಿದಿಟ್ಟ ಬಟ್ಟೆಗಳನ್ನು ಬಾಚಿ ಪಕ್ಕಕ್ಕಿಟ್ಟಳು. ಮಳೆಯಲ್ಲೇ ರಸ್ತೆಗಿಳಿದು ಬ್ರೆಡ್ಡಿನ ವ್ಯಾನೊಂದನ್ನು ಅಡ್ಡಹಾಕಿದಳು. ಚಾಲಕ ಗೊಣಗಿದ. "ನಿಮ್ಮಮ್ಮನ ವಯಸ್ಸಿನೋರು ಕಣಯ್ಯ!" ಎಂದು ಅವಳು ಗದರಿದ್ದಕ್ಕೆ ಬಾಗಿಲು ತೆರೆದ. ಬ್ರೆಡ್ಡಿನ ಟ್ರೇಗಳ ನಡುವೆ ತೊಪ್ಪೆಯಾಗಿ ಕುಳಿತು ಹೋದೆವು. ಟ್ಯೂಬು ಇಡೀ ದಾರಿ ತನ್ನ ರೈನ್‌ಕೋಟಿನ ನೀರು ಬ್ರೆಡ್ಡಿಗೆ ತಾಗದಂತೆ ಮುದುರಿಕೊಂಡಿದ್ದ.

ಅಕ್ಕನ ಹಾಸಿಗೆ ಖಾಲಿ. ದಿಂಬಿನಲ್ಲಿ ತಲೆಯ ಗುಳಿ ಹಾಗೇ ಇತ್ತು.

ಅಕ್ಕನ ಮಗಳು ಕಿಟಕಿಯ ಹತ್ತಿರ ನಿಂತಿದ್ದಳು. ತಿರುಗಿದವಳೇ, "ಎಲ್ಲಿ ಹಾಳಾಗಿ ಹೋಗಿದ್ರಿ ಮಾಮ? ಎಷ್ಟು ಫೋನ್ ಮಾಡ್ಲಿ? ಅಮ್ಮ ಬಾಗಿಲಿಂದ ಕಣ್ಣು ತೆಗೀಲಿಲ್ಲ. ಸ್ಟ್ರೆಚರ್ ತಂದವರನ್ನ 'ಒಂದು ನಿಮಿಷ, ಒಂದು ನಿಮಿಷ' ಅಂತ ನಿಲ್ಲಿಸಿಕೊಂಡಿದ್ಲು," ಎಂದಳು.

ಟ್ಯೂಬು ತಲೆ ತಗ್ಗಿಸಿದ. ಫೋನು ಅವನ ಒಳಜೇಬಿನಲ್ಲಿ, ಎರಡು ಪ್ಲಾಸ್ಟಿಕ್ಕಿನೊಳಗೆ ಭದ್ರವಾಗಿತ್ತು. ನನ್ನದು ಮನೆಯಲ್ಲೇ ಉಳಿದಿತ್ತು.

"ಗಾಡೀಲಿ ಚಾರ್ಜ್ ಇರ್ಲಿಲ್ಲ ಕಣಮ್ಮ," ಎಂದ. "ರಾತ್ರಿ ಗುಡುಗಿದಾಗ..."

ಅವಳು ಅವನನ್ನೇ ನೋಡಿದಳು. ಮುಖ ಸಡಿಲವಾಯಿತು.

"ಪ್ಲಗ್ ಕಿತ್ರಾ? ಅಮ್ಮನೂ ಅದನ್ನೇ ಹೇಳಿದ್ಲು. 'ರಾತ್ರಿ ಗುಡುಗಿತಲ್ಲ, ನಮ್ಮ ಟ್ಯೂಬು ಎಲ್ಲಾ ಕಿತ್ತು ಮಲಗಿರ್ತಾನೆ. ಗಾಡಿ ಎಲ್ಲೋ ನಿಂತಿರುತ್ತೆ ನೋಡು. ಬಂದ್ಮೇಲೆ ಬೈತೀನಿ' ಅಂತ. ನರ್ಸ್ ಕೂಡ ನಕ್ಕರು."

ನಾವೂ ನಕ್ಕೆವು. ಹೊರಗೆ ಬಂದ ಮೇಲೆ ಬೈಯುತ್ತಾಳೆ ಎಂಬ ಸಮಾಧಾನ ಸಣ್ಣದಾಗಿರಲಿಲ್ಲ. ಟ್ಯೂಬಂತೂ ಬೈಸಿಕೊಳ್ಳಲು ತಯಾರಾದವನಂತೆ ಒದ್ದೆ ಕೂದಲನ್ನು ಕೈಯಲ್ಲೇ ಬಾಚಿಕೊಂಡ. "ಎಷ್ಟಾದ್ರೂ ಬೈಲಿ," ಎಂದ.

ಮಧ್ಯಾಹ್ನ ಡಾಕ್ಟರು ಬಂದರು. ವಯಸ್ಸಿನ್ನೂ ಚಿಕ್ಕದು. ತಲೆಗೆ ಕಟ್ಟಿದ ಹಸಿರು ಟೋಪಿಯನ್ನು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಿಂತು ಹೇಳಿ ಹೋಗಬಹುದಿತ್ತು. ಅವರು ಅಕ್ಕನ ಮಗಳ ಪಕ್ಕದ ಕುರ್ಚಿಯಲ್ಲಿ ಕುಳಿತು, ಅವಳ ಮುಖದ ಮಟ್ಟಕ್ಕೆ ಬಾಗಿ ಹೇಳಿದರು. ಹೃದಯವನ್ನು ಮತ್ತೆ ಶುರು ಮಾಡಲು ತುಂಬಾ ಪ್ರಯತ್ನಪಟ್ಟರಂತೆ. ಆಗಲಿಲ್ಲವಂತೆ.

ನಾವು ಅಕ್ಕನ ಮುಖ ನೋಡಿದೆವು. ಜೊತೆಯಲ್ಲೇ ನಿಂತು ನೋಡಿದೆವು. ಅವಳು ಕೇಳಿದ್ದು ಈ ನೋಟವನ್ನಲ್ಲ.

ಆಮೇಲೆ ಟ್ಯೂಬು ವರಾಂಡದ ಕೊನೆಯ ಬೆಂಚಿನಲ್ಲಿ ಗೋಡೆಗೆ ಮುಖ ಮಾಡಿ ಕುಳಿತ. ನಾನು ಹೆಗಲ ಮೇಲೆ ಕೈಯಿಟ್ಟೆ.

"ಗಾಡಿ ಸರಿಯಾಗಿತ್ತು ಚಿಕ್ಕಕ್ಕ," ಎಂದ. "ಬ್ರೇಕು, ಟೈರು, ಎಲ್ಲಾ ಸರಿಯಾಗಿತ್ತು."

"ಗುಡುಗಿಗೆ ಪ್ಲಗ್ ಕೀಳೋದು ಅವಳೇ ಕಲಿಸಿದ್ದು ಕಣೋ."

"ನಂದು ಹೋಗ್ಲಿ ಬಿಡು. ಆ ಹುಡುಗಿ ಮುಖ ಹೇಗೆ ನೋಡ್ಲಿ? ತಾಯಿ ಬಾಗಿಲು ನೋಡಿದ್ದನ್ನ ನಿಂತು ನೋಡಿದೋಳು ಅವಳು."

ಆ ಉತ್ತರ ನಾನು ಕೊಡುವಂಥದ್ದಾಗಿರಲಿಲ್ಲ. ಬೆಳಗಿನಿಂದ ಅವನು ಕಳಚದ ರೈನ್‌ಕೋಟಿನ ಮಡಿಕೆಗಳಲ್ಲಿ ನಿಂತಿದ್ದ ನೀರು ತೊಟ್ಟಿಕ್ಕಿ ಬೆಂಚಿನ ಕೆಳಗೆ ಹರಡಿತ್ತು. ನೆಲ ಒರೆಸುವ ಹೆಂಗಸು ಎರಡು ಸಲ ಬಂದು, ಅವನ ಕಾಲು ಎತ್ತಿಸದೆ ಸುತ್ತಲಷ್ಟೇ ಒರೆಸಿ ಹೋದಳು.

ಕಾಗದಪತ್ರಗಳಿಗೆ ಸಹಿ ಹಾಕಿ ಮುಗಿಸಿ ಅಕ್ಕನ ಮಗಳು ವರಾಂಡದ ಆ ತುದಿಯಿಂದ ನಡೆದು ಬಂದಳು. ಕಣ್ಣು ಊದಿಕೊಂಡಿತ್ತು. ಟ್ಯೂಬು ಹೆಜ್ಜೆಯ ಸದ್ದಿಗೇ ಇನ್ನಷ್ಟು ಕುಗ್ಗಿದ. ಅವಳು ಅವನ ಪಕ್ಕ ಕುಳಿತು, ರೈನ್‌ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕಳಚಿ ಬೆಂಚಿನ ಬೆನ್ನಿಗೆ ಹಾಕಿದಳು. ಬ್ಯಾಗಿನಿಂದ ತನಗೆಂದು ತಂದಿದ್ದ ಊಟದ ಡಬ್ಬಿ ತೆಗೆದಳು. ಬೆಳಗಿನಿಂದ ಅದರ ಮುಚ್ಚಳ ತೆರೆದಿರಲಿಲ್ಲ. ತೆರೆದು, ಚಮಚವನ್ನು ತನ್ನ ಸೆರಗಿಗೆ ಒರೆಸಿ, ಡಬ್ಬಿಯನ್ನು ಅವನ ಕೈಯಲ್ಲಿಟ್ಟಳು.