ಚಕ್ರ ಒಳಗೆ

ವಿಮಾನದ ಮೇಷ್ಟ್ರು ಜನ್ಮದಲ್ಲಿ ಒಮ್ಮೆಯೂ ವಿಮಾನ ಹತ್ತಿದವರಲ್ಲ. ಅಟ್ಟಕ್ಕೆ ಏಣಿ ಹಾಕಿದರೇ ತಲೆ ಸುತ್ತಿ ಗೋಡೆ ಹಿಡಿದುಕೊಳ್ಳುವ ಆಸಾಮಿ. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸುತ್ತಿದ್ದ ಕಾಲದಲ್ಲಿ ಹವ್ಯಾಸಕ್ಕೆಂದು ಹಿಡಿದ ಪುಟ್ಟ ವಿಮಾನಗಳ ಕೆಲಸ, ನಿವೃತ್ತಿಯಾದ ಮೇಲೆ ಕಸುಬಾಗಿ ಬೆಳೆದು ಮನೆಯ ಮುಂಕೋಣೆಯನ್ನೇ ನುಂಗಿ ಹಾಕಿತ್ತು. ಊರಾಚೆಯ ವಾಯುನೆಲೆಯವರು ಅವರ ಖಾಯಂ ಗಿರಾಕಿ. ಮೇಷ್ಟ್ರು ಮರ ಕೊರೆದು, ಉಪ್ಪು ಕಾಗದದಲ್ಲಿ ಉಜ್ಜಿ, ರೆಕ್ಕೆ ಕೂರಿಸಿ ಕೊಡುವರು. ಬಣ್ಣ ಹೆಂಡತಿಯದು. ಗೆರೆ, ಗುರುತು, ಬಾಲದ ಮೇಲಿನ ಅಂಕಿ ಎಲ್ಲ ಅವಳದೇ ಕೈ. ಎಳ್ಳಿನಷ್ಟು ಅಕ್ಷರವನ್ನೂ ಉಸಿರು ಬಿಗಿಹಿಡಿದು ಬರೆದುಬಿಡುತ್ತಿದ್ದಳು. ಅದಕ್ಕೇ ಬೀದಿಯವರಿಗೆಲ್ಲ ಅವಳು ಬಣ್ಣದಮ್ಮ. ಹೊಗಳಿಕೆಯೆಲ್ಲ ಮೇಷ್ಟ್ರಿಗೆ ಹೋಗುತ್ತಿತ್ತು, ಬಣ್ಣದ ಕಲೆ ಮಾತ್ರ ಅವಳ ಉಗುರಿಗೆ ಉಳಿಯುತ್ತಿತ್ತು. ಅದಕ್ಕೆ ಅವಳು ತಲೆ ಕೆಡಿಸಿಕೊಂಡವಳಲ್ಲ.

ವಾಯುನೆಲೆಯಲ್ಲಿ ಒಂದು ಪದ್ಧತಿಯಿತ್ತು. ಪೈಲಟ್ ಒಬ್ಬ ನಿವೃತ್ತನಾದರೆ ಅವನು ಹಾರಿಸಿದ ವಿಮಾನದ ಮಾದರಿಯನ್ನು, ಚಕ್ರ ಇಳಿಸಿ ನೆಲದ ಮೇಲೆ ನಿಂತ ಹಾಗೆ ಮಾಡಿಸಿ ಕೊಡುವರು. ಹಾರಿಹೋಗಿ ಹಿಂತಿರುಗದವನ ಮನೆಗೆ ಕೊಡುವ ಮಾದರಿಗೆ ಚಕ್ರ ಇರಕೂಡದು. ಕಾಲನ್ನು ಹೊಟ್ಟೆಯೊಳಗೆ ಮಡಚಿಕೊಂಡು, ಇನ್ನೂ ಆಕಾಶದಲ್ಲೇ ಇರುವ ಹಾಗೆ ಸಲಾಕೆಯ ಮೇಲೆ ಕೂರಿಸಬೇಕು. ಇದನ್ನು ಬಿಡಿಸಿ ಹೇಳುವ ಕಷ್ಟ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಆರ್ಡರ್ ಕೊಡಲು ಬಂದ ಗುಮಾಸ್ತ ‘ಚಕ್ರ ಹೊರಗೆ’ ಅನ್ನುತ್ತಿದ್ದ, ಇಲ್ಲವೇ ‘ಚಕ್ರ ಒಳಗೆ’ ಅನ್ನುತ್ತಿದ್ದ. ಅಷ್ಟರಲ್ಲೇ ಎಲ್ಲ ತಿಳಿಯುತ್ತಿತ್ತು.

ಯುದ್ಧ ಶುರುವಾದ ಮೇಲೆ ‘ಚಕ್ರ ಹೊರಗೆ’ ಎಂಬ ಮಾತೇ ಆ ಕೋಣೆಯಲ್ಲಿ ಕೇಳಿಸಲಿಲ್ಲ. ಮೇಷ್ಟ್ರು ರಬ್ಬರ್ ಕೊಳವೆ ಕತ್ತರಿಸಿ ಮಾಡಿಟ್ಟಿದ್ದ ಪುಟ್ಟ ಚಕ್ರಗಳು ಡಬ್ಬಿಯಲ್ಲಿ ಹಾಗೇ ಬಿದ್ದಿದ್ದವು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರಿಂದ ಹಗಲಲ್ಲೂ ದೀಪ ಹಾಕಿಕೊಂಡೇ ಕೆಲಸ. ತಲೆಯ ಮೇಲೆ ಸದ್ದು ಹಾದುಹೋದಾಗಲೆಲ್ಲ ಬೀದಿಯ ಜನ ಮಾತು ನಿಲ್ಲಿಸಿ, ಸದ್ದು ಅಡಗಿದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಹಾಗೆ ನಿಲ್ಲಿಸಿದ್ದೇವೆಂದು ಅವರಿಗೇ ಗೊತ್ತಾಗುತ್ತಿರಲಿಲ್ಲ.

ಬಣ್ಣದಮ್ಮನ ಮಗಳಿಗೆ ಮಾತ್ರ ಗೊತ್ತಾಗುತ್ತಿತ್ತು. ಚಿಕ್ಕಂದಿನಿಂದ ವಟವಟ ಎನ್ನುತ್ತಿದ್ದ ಕಾರಣಕ್ಕೆ ಅವಳು ಮನೆಯಲ್ಲಿ ಗಿಣಿ. ಗಂಡ ಫೈಟರ್ ಪೈಲಟ್. ಅವನನ್ನು ಗಡಿಗೆ ಹತ್ತಿರದ ನೆಲೆಗೆ ಕಳಿಸಿದ ಮೇಲೆ ಗಿಣಿ ತುಂಬು ಬಸುರಿಯಾಗಿ ತಾಯಿಯ ಜೊತೆ ಇದ್ದಳು. ಸದ್ದು ಕೇಳಿದಾಗಲೆಲ್ಲ ಕತ್ತು ಓರೆ ಮಾಡಿ, ಹೋದವೆಷ್ಟು ಬಂದವೆಷ್ಟು ಎಂದು ಲೆಕ್ಕ ಹಾಕುವಳು. ಅವು ಅವಳ ಗಂಡನ ನೆಲೆಯ ವಿಮಾನಗಳೇ ಅಲ್ಲ. ಹಾಗೆಂದು ಮೇಷ್ಟ್ರು ಎಷ್ಟು ಹೇಳಿದರೂ ಅವಳು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳ ರಕ್ತದೊತ್ತಡ ಏರುತ್ತಿತ್ತು. “ಗಾಬರಿ ಆಗೋ ಅಂಥ ಸುದ್ದಿ ಏನೂ ಇವಳ ಹತ್ತಿರ ಸುಳಿಯಬಾರದು, ತಾಯಿಗೂ ಮಗುವಿಗೂ ಒಳ್ಳೇದಲ್ಲ” ಎಂದು ಡಾಕ್ಟರಮ್ಮ ಬಣ್ಣದಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ಯುದ್ಧದ ಕಾಲದಲ್ಲಿ ಆ ಮಾತು ಹೇಳುವುದು ಎಷ್ಟು ಸುಲಭ ಎಂದು ಬಣ್ಣದಮ್ಮನಿಗೆ ಅನ್ನಿಸಿತ್ತು.

ಆ ಸೋಮವಾರ ಗಿಣಿ ಸ್ನಾನಕ್ಕೆ ಹೋದಾಗ ಹೊಸ ಗುಮಾಸ್ತ ಬಂದ. ಹಳಬನಿಗೆ ಈ ಮನೆಯ ಒಳಹೊರಗೆಲ್ಲ ಗೊತ್ತಿತ್ತು, ಆದರೆ ಅವನಿಗೆ ವರ್ಗವಾಗಿತ್ತು. ಇವನು ಬೇಡದ ಕಡೆ ಚುರುಕು ತೋರಿಸುವ ಜಾತಿಯವನು.

“ಒಂದು ಫೈಟರ್, ಮೇಷ್ಟ್ರೇ. ಚಕ್ರ ಒಳಗೆ. ಬಾಲದ ನಂಬರು ಏಳು ನಾಲ್ಕು ಒಂದು. ಶನಿವಾರಕ್ಕೆ ಆಗಬೇಕು.”

ಮೇಷ್ಟ್ರ ಕೈಯಲ್ಲಿದ್ದ ಉಳಿ ಅಲ್ಲೇ ನಿಂತಿತು. “ಹೆಸರು?” ಎಂದರು.

“ಹೆಸರು ಗೊತ್ತಿಲ್ಲ. ಗಡಿ ಕಡೆಯ ನೆಲೆಯಿಂದ ನಂಬರ್ ಮಾತ್ರ ಬಂದಿದೆ. ಮನೆಯವರಿಗೆ ಇನ್ನೂ ತಿಳಿಸಿಲ್ವಂತೆ. ಎಲ್ಲ ಆಗಲಿ ಅಂತ ಕಾಯ್ತಾ ಕೂತರೆ ನಿಮಗೆ ಟೈಮ್ ಸಾಲಲ್ಲ ನೋಡಿ, ಅದಕ್ಕೇ ನಾನೇ ಮುಂಚೆ ಹೇಳಿಬಿಟ್ಟೆ.” ಉಪಕಾರ ಮಾಡಿದ ಮುಖ ಹೊತ್ತು ಅವನು ಸೈಕಲ್ ಹತ್ತಿ ಹೋದ.

ಬಣ್ಣದಮ್ಮ ಬ್ರಷ್ಷು ತೊಳೆಯುತ್ತಿದ್ದಳು. ಏಳು ನಾಲ್ಕು ಒಂದು ಅಳಿಯನ ವಿಮಾನ. ಹೋದ ಸಲ ಬಂದಾಗ ಅವನು ಹೆಂಡತಿಯ ಎದುರೇ, “ಅತ್ತೆ, ಏಳು ನಾಲ್ಕು ಒಂದು ನನ್ನ ಎರಡನೇ ಸಂಸಾರ. ಇವಳ ಹಾಗೇನೇ, ಬೆಳಗ್ಗೆ ಬೇಗ ಎಬ್ಬಿಸಿದರೆ ಸಿಡುಕು” ಎಂದು ಕಿಚಾಯಿಸಿ ಗಿಣಿಯಿಂದ ಬೆನ್ನಿಗೆ ಗುದ್ದಿಸಿಕೊಂಡಿದ್ದ. ಪ್ರತಿ ಭಾನುವಾರ ಬರುತ್ತಿದ್ದ ಅವನ ಫೋನು ನಿನ್ನೆ ಬಂದಿರಲಿಲ್ಲ. ಲೈನ್ ಸರಿಯಿಲ್ಲ ಎಂದು ಗಿಣಿಯೇ ಎಲ್ಲರಿಗೂ ಸಮಾಧಾನ ಹೇಳಿದ್ದಳು.

“ವಿಮಾನ ಒಂದೇ ಆದ್ರೂ ಹಾರಿಸೋರು ನಾಲ್ಕು ಜನ ಇರ್ತಾರೆ” ಎಂದರು ಮೇಷ್ಟ್ರು, ಅವಳ ಮುಖ ನೋಡದೆ. “ಅವತ್ತು ಬೇರೆ ಯಾರೋ ತಗೊಂಡು ಹೋಗಿರಬಹುದು.”

“ಬೇರೆ ಯಾರೋ ಆದ್ರೆ ಅವರಿಗೂ ಅತ್ತೆ ಇರಲ್ವೇನ್ರೀ?”

ಮೇಷ್ಟ್ರು ನೆಲೆಗೆ ಫೋನ್ ಮಾಡಿದರು. ಯುದ್ಧದ ಹೊತ್ತಿನಲ್ಲಿ ಫೋನಿನಲ್ಲಿ ಏನೂ ಹೇಳುವ ಹಾಗಿಲ್ಲ ಎಂದು ಯಾರೋ ಇಟ್ಟುಬಿಟ್ಟರು. ತಾವೇ ಹೋದರು, ಗೇಟಿನಿಂದಲೇ ವಾಪಸು ಕಳಿಸಿದರು. ಬರುವಾಗ ಅವರ ತಲೆಯಲ್ಲಿ ಒಂದು ಉಪಾಯ ಹೊಳೆದಿತ್ತು. ಮೇಷ್ಟ್ರಿಗೆ ಉಪಾಯ ಹೊಳೆದರೆ ಮನೆಯವರು ಹುಷಾರಾಗಿರಬೇಕು ಎಂಬುದು ಬಣ್ಣದಮ್ಮನಿಗೆ ಇಷ್ಟು ವರ್ಷದ ಅನುಭವ, ಆದರೆ ಆ ಹೊತ್ತು ಅವಳ ಬುದ್ಧಿಗೂ ಮಂಕು ಕವಿದಿತ್ತು.

ಸುದ್ದಿ ಖಚಿತವಾಗುವ ತನಕ, ಇಲ್ಲವೇ ಹೆರಿಗೆಯಾಗುವ ತನಕ, ಗಿಣಿಗೆ ಏನೂ ತಿಳಿಯಬಾರದು. ಮಾದರಿ ಮಾಡದೆ ಬಿಟ್ಟರೆ ಆ ಗುಮಾಸ್ತ ಬಾಗಿಲಿಗೇ ಬಂದು ಏಳು ನಾಲ್ಕು ಒಂದು ಏನಾಯ್ತು ಎಂದು ಗಟ್ಟಿಯಾಗಿ ಕೇಳುತ್ತಾನೆ. ಮಾಡಲು ಇರುವುದು ಇದೊಂದೇ ಕೋಣೆ, ಗಿಣಿ ಮಧ್ಯಾಹ್ನವೆಲ್ಲ ಕೂರುವುದೂ ಇಲ್ಲೇ. ಚಕ್ರ ಒಳಗಿರುವುದನ್ನು ಕಂಡರೆ ಯಾರದು, ನಂಬರೆಷ್ಟು ಎಂದು ಕೇಳದೆ ಬಿಡುವವಳಲ್ಲ ಅವಳು. ಚಕ್ರ ಹೊರಗಿದ್ದರೆ ಕೇಳುವುದೇನಿದೆ?

“ಅದಕ್ಕೇ ಸದ್ಯಕ್ಕೆ ಕಾಲು ಹಾಕಿಬಿಡೋಣ” ಎಂದರು ಮೇಷ್ಟ್ರು. “ಶನಿವಾರ ಕಿತ್ತು, ತೂತಿಗೆ ಮೇಣ ತುಂಬಿ, ಒಂದು ಕೈ ಬಣ್ಣ ಹೊಡೆದರೆ ಬ್ರಹ್ಮನಿಗೂ ಗೊತ್ತಾಗಲ್ಲ. ನಂಬರ್ ನೀನು ಕೊನೆಗೆ ಬರಿ, ಅವಳು ಇಲ್ಲದಾಗ.”

“ಹೇಳಿಬಿಡೋಣ ರೀ. ಇದು ನಮ್ಮಿಂದ ಆಗೋ ಕೆಲಸ ಅಲ್ಲ.”

“ಏನಂತ ಹೇಳ್ತೀಯ? ನಿನಗೇ ಗೊತ್ತಿಲ್ಲದ್ದನ್ನ?”

ಬಣ್ಣದಮ್ಮನಿಗೆ ಗೊತ್ತಿತ್ತು, ತಾಯಿಗೆ ಗೊತ್ತಾಗುವ ಹಾಗೆ ಗೊತ್ತಿತ್ತು, ಆದರೆ ಅದನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ.

ಆ ವಾರ ಮೇಷ್ಟ್ರು ಹಿಂದೆಂದೂ ಮಾಡದಷ್ಟು ಚೆನ್ನಾಗಿ ಕೆಲಸ ಮಾಡಿದರು. ಮರವನ್ನು ಉಜ್ಜಿದ್ದೇ ಉಜ್ಜಿದ್ದು, ಕೆನ್ನೆಗೆ ತಾಗಿಸಿ ನುಣುಪು ನೋಡಿದ್ದೇ ನೋಡಿದ್ದು. ಹೊಟ್ಟೆಗೆ ಮೂರು ತೂತು ಕೊರೆದು, ಉಕ್ಕಿನ ತಂತಿಯ ಕಾಲು ಕೂರಿಸಿ, ಧೂಳು ಹಿಡಿದ ಡಬ್ಬಿಯಿಂದ ಚಕ್ರಗಳನ್ನು ತೆಗೆದು ಸಿಕ್ಕಿಸಿದರು. ಮಧ್ಯಾಹ್ನ ಟೀ ಹಿಡಿದು ಬಂದ ಗಿಣಿ ಬಾಗಿಲಲ್ಲೇ ನಿಂತಳು.

“ಚಕ್ರ ಹೊರಗೆ. ಯಾರದಪ್ಪಾ ಇದು?”

“ಯಾರೋ ದೊಡ್ಡ ಆಫೀಸರ್‌ದು. ರಿಟೈರ್ ಆಗ್ತಾರಂತೆ.”

“ಸದ್ಯ, ಒಬ್ಬರಾದ್ರೂ ನಡ್ಕೊಂಡು ಮನೆಗೆ ಹೋಗ್ತಾರಲ್ಲ.” ಅವಳು ಅದನ್ನು ಮೇಜಿನ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ ಉರುಳಿಸಿ ನೋಡಿದಳು. ಆಮೇಲೆ ವಿಮಾನವನ್ನು ತನ್ನ ಹೊಟ್ಟೆಯ ಏರಿನ ಮೇಲೆ ನಿಲ್ಲಿಸಿಕೊಂಡು, “ನೋಡೋ ಮಗನೇ, ನಿಮ್ಮಪ್ಪಂದೂ ಇಂಥದ್ದೇ” ಎಂದಳು. ಒಳಗಿನ ಮಗು ಒದ್ದಿರಬೇಕು, ವಿಮಾನ ಸ್ವಲ್ಪ ಅಲುಗಿತು. ಗಿಣಿ ಬಾಯ್ತುಂಬ ನಕ್ಕಳು. ಮೇಷ್ಟ್ರೂ ನಕ್ಕರು. ಬಣ್ಣದಮ್ಮ ಏನೋ ನೆಪ ಮಾಡಿ ಒಳಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಪ್ರೈಮರ್ ಒಣಗಿದ ಮೇಲೆ ಅವಳ ಸರದಿ ಬಂತು. ಈ ಫೈಟರ್‌ಗೆ ಬಳಿಯುವ ಬೂದುಬಣ್ಣ ಅಂಗಡಿಯಲ್ಲಿ ಸಿಗುವುದಲ್ಲ, ಬೆರೆಸಿಯೇ ಹದ ಮಾಡಬೇಕು. ಒಮ್ಮೆ ಅವಳು ಅಳಿಯನನ್ನೇ ಕೇಳಿದ್ದಳು. “ಪಾತ್ರೆ ತೊಳೆದ ನೀರು ನೋಡಿದೀರಲ್ಲ ಅತ್ತೆ, ಅದೇ” ಎಂದಿದ್ದ ಅವನು. ಬಿಳಿಗೆ ಕಪ್ಪು ಹಾಕಿ, ತುಸು ನೀಲಿ ಹಾಕಿ, ಅವನು ಹೇಳಿದ ಬಣ್ಣ ಬರುವ ತನಕ ಕಲಸಿದಳು. ಹೊಟ್ಟೆಗೆ ತಿಳಿ, ಬೆನ್ನಿಗೆ ಗಾಢ. ಎಂಜಿನ್ ಬಾಯಿಯ ಹಿಂದೆ ಹೊಗೆಯ ಮಸಿ. ಸಾಮಾನ್ಯವಾಗಿ ಮಸಿ ಹಚ್ಚುವುದೆಂದರೆ ಅವಳಿಗೆ ಖುಷಿ, ಆಗಲೇ ಮರದ ತುಂಡಿಗೆ ಜೀವ ಬರುವುದು. ಈ ಸಲ ಬೆರಳಿಗೆ ಅಂಟಿದ ಕಪ್ಪನ್ನು ಕಂಡಿದ್ದೇ ಸೆರಗಿಗೆ ಒರೆಸಿಕೊಂಡಳು. ಸುಟ್ಟರೆ ಬಣ್ಣ ಹೇಗೆ ಗುಳ್ಳೆ ಏಳುತ್ತದೆ ಎಂದು ಬಣ್ಣದವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೇಡ ಬೇಡವೆಂದರೂ ಅದೇ ಕಣ್ಣ ಮುಂದೆ ಬರುತ್ತಿತ್ತು.

ಆ ದಿನಗಳಲ್ಲಿ ಗಿಣಿ ಒಳ್ಳೆಯ ಲಹರಿಯಲ್ಲಿದ್ದಳು. ಆ ಚಕ್ರಗಳು ಅವಳಿಗೆ ಏನೋ ಧೈರ್ಯ ಕೊಟ್ಟಂತಿತ್ತು. ಚೆನ್ನಾಗಿ ಊಟ ಮಾಡಿದಳು. ಸದ್ದು ಬಂದಾಗ ಲೆಕ್ಕ ಹಾಕುವುದನ್ನು ಒಂದೆರಡು ಸಲ ಮರೆತೂ ಬಿಟ್ಟಳು. “ನೋಡಿದೆಯಾ” ಎಂದು ಮೇಷ್ಟ್ರು ಕಣ್ಣಲ್ಲೇ ಹೆಂಡತಿಗೆ ಸನ್ನೆ ಮಾಡಿದರು. ತಮ್ಮ ಉಪಾಯ ಫಲಿಸಿದ್ದು ಅವರಿಗೆ ಖುಷಿ. ಬಣ್ಣದಮ್ಮ ಮಗಳಿಗೆ ಬಡಿಸಿ, ಅವಳು ಉಣ್ಣುವುದನ್ನು ನೋಡಲಾರದೆ ಎದ್ದು ಹೋಗುತ್ತಿದ್ದಳು.

ಶುಕ್ರವಾರ ಗಿಣಿಯನ್ನು ಡಾಕ್ಟರಮ್ಮನ ಹತ್ತಿರ ತೋರಿಸುವ ದಿನ. ಪಕ್ಕದ ಮನೆಯಾಕೆ ಜೊತೆಗೆ ಹೊರಟಳು. ಎಷ್ಟು ಬೇಗ ಬಂದರೂ ಒಂದೊಪ್ಪತ್ತು ಹಿಡಿಯುವ ಕೆಲಸ. ಅವರು ಬೀದಿಯ ತಿರುವು ದಾಟಿದ್ದೇ ಬಣ್ಣದಮ್ಮ ಸಣ್ಣ ಬ್ರಷ್ಷು ತೆಗೆದು, ನಾಲಿಗೆಗೆ ತಾಗಿಸಿ ಮೊನೆ ಮಾಡಿಕೊಂಡಳು. ಏಳು ಬರೆದಳು. ನಾಲ್ಕು ಬರೆದಳು. ಒಂದರ ಗೆರೆ ಸೊಟ್ಟಗೆ ಬಂತು. ಈ ಕೆಲಸದಲ್ಲಿ ಅವಳ ಗೆರೆ ಅದುವರೆಗೆ ಎಂದೂ ಸೊಟ್ಟಗಾಗಿರಲಿಲ್ಲ. ಒರೆಸಿ ಮತ್ತೆ ಬರೆದಳು.

“ಒಣಗಲಿ, ಇನ್ನೇನು ಕಾಲು ಕಿತ್ತುಬಿಡ್ತೀನಿ” ಎಂದು ಮೇಷ್ಟ್ರು ಇಕ್ಕಳ ಹುಡುಕಿ ತಂದು ಮೇಜಿನ ಮೇಲಿಟ್ಟರು.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. “ಡಾಕ್ಟರಮ್ಮ ಇಲ್ವಂತೆ. ಲಾರಿ ತುಂಬ ಗಾಯಾಳುಗಳು ಬಂದಿದಾರಂತೆ, ಡಾಕ್ಟರುಗಳನ್ನೆಲ್ಲ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿದಾರೆ” ಎನ್ನುತ್ತಲೇ ಗಿಣಿ ಒಳಗೆ ಬಂದಳು. ಬಣ್ಣದಮ್ಮ ಬಟ್ಟೆ ಮುಚ್ಚಲು ಹೋದಳು. ಹಸಿ ಬಣ್ಣದ ಮೇಲೆ ಬಟ್ಟೆ ಮುಚ್ಚಬಾರದು ಎಂದು ಅವಳ ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಆ ಗಳಿಗೆಯಲ್ಲೂ ಕೈ ತಡೆಯಿತು. ಅಷ್ಟೇ ಸಾಕಾಯಿತು.

ಗಿಣಿ ಬಾಲವನ್ನು ನೋಡಿದಳು. ಆಮೇಲೆ ಚಕ್ರಗಳನ್ನು ನೋಡಿದಳು. ಎರಡನ್ನೂ ಕೂಡಿಸಿಕೊಳ್ಳಲು ಅವಳಿಗೆ ಒಂದು ಕ್ಷಣ ಬೇಕಾಯಿತು.

“ಅಮ್ಮಾ” ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ಮಾತಿನ ಮಲ್ಲಿ ಗಿಣಿಯದೇ ಎಂದು ನಂಬುವ ಹಾಗಿರಲಿಲ್ಲ. “ಅವರನ್ನ ಹಾರಾಟದಿಂದ ಬಿಡಿಸಿದಾರಾ? ಮನೆಗೆ ಕಳಿಸ್ತಿದಾರಾ?”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು.

“ಅದಕ್ಕೇ ಆಫೀಸರ್, ರಿಟೈರ್ ಅಂತೆಲ್ಲ ನಾಟಕ ಆಡಿದ್ರಾ ನೀವಿಬ್ಬರೂ? ನನ್ನಿಂದ ಮುಚ್ಚಿಟ್ಟು?” ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಮೇಷ್ಟ್ರ ತೋಳು ಹಿಡಿದು ಅಲುಗಿಸಿದಳು. “ಅಪ್ಪಾ, ಯಾವತ್ತು ಬರ್ತಾರೆ? ಅದಕ್ಕೇ ಭಾನುವಾರ ಫೋನ್ ಮಾಡ್ಲಿಲ್ಲ ಅಲ್ವಾ? ಇದ್ದಕ್ಕಿದ್ದ ಹಾಗೆ ಬಂದು ನಿಲ್ಲೋಣ ಅಂತ?”

ಮೇಷ್ಟ್ರು ತಲೆ ಆಡಿಸಿದರು. ಹೌದೆಂದೋ ಅಲ್ಲವೆಂದೋ ಅವರಿಗೇ ಗೊತ್ತಿರಲಿಲ್ಲ. ಗಿಣಿ ಹೌದೆಂದೇ ತಿಳಿದಳು.

“ಅತ್ತೆಗೆ ಹೇಳ್ಬೇಕು. ಪಾಪ, ವಾರದಿಂದ ನಿದ್ದೆ ಮಾಡಿಲ್ಲ ಅವರು.” ಅವಳು ಹೊಟ್ಟೆ ಹಿಡಿದುಕೊಂಡೇ ಫೋನಿನ ಹತ್ತಿರ ಹೋಗಿ ನಂಬರ್ ತಿರುಗಿಸತೊಡಗಿದಳು.

ದೂರದ ಯಾವುದೋ ಮನೆಯಲ್ಲಿ ಇನ್ನೊಬ್ಬ ತಾಯಿ ಫೋನ್ ಎತ್ತಿಕೊಂಡು ಆ ಮಾತು ಕೇಳುತ್ತಾಳೆ, ಅಂಗಳಕ್ಕೆ ಓಡಿಹೋಗಿ ಎಲ್ಲರಿಗೂ ಹೇಳುತ್ತಾಳೆ. ಆಮೇಲೆ ಅವಳಿಗೆ ಇನ್ನೊಂದು ಸುದ್ದಿ ಹೋಗುತ್ತದೆ. ಇದನ್ನು ನೆನೆದಾಗ ಬಣ್ಣದಮ್ಮನಿಗೆ ತನ್ನ ಗಂಡನ ಮೇಲೆ, ತನ್ನ ಮೇಲೆ ಅಸಹ್ಯವಾಯಿತು. ಅವಳು ಬೇಗ ಹೋಗಿ ಫೋನಿನ ಗುಂಡಿ ಒತ್ತಿ ಲೈನ್ ಕಡಿದಳು. ಮಗಳ ಕೈ ಹಿಡಿದು ಮೇಜಿನ ಹತ್ತಿರ ಕರೆತಂದು ಕುರ್ಚಿಯ ಮೇಲೆ ಕೂರಿಸಿದಳು. ಹೇಳಬೇಕೆಂದು ಬಾಯಿ ತೆರೆದಳು. ಆಗಲಿಲ್ಲ.

ಇಕ್ಕಳ ಎತ್ತಿಕೊಂಡಳು.

“ಬೇಡ, ಬೇಡ ಮಾರಾಯ್ತಿ” ಎಂದರು ಮೇಷ್ಟ್ರು. ಅವರು ಅಳುತ್ತಿದ್ದರು.

ಬಣ್ಣದಮ್ಮ ವಿಮಾನವನ್ನು ಮಗುಚಿ ಹಿಡಿದು ಮುಂದಿನ ಕಾಲು ಕಿತ್ತಳು. ಗಿಣಿ ನಗುತ್ತಲೇ ನೋಡುತ್ತಿದ್ದಳು, ಏನಾಗುತ್ತಿದೆ ಎಂದು ಅವಳಿಗೆ ಇನ್ನೂ ಹೊಳೆದಿರಲಿಲ್ಲ. ಎಡಗಾಲು ಕೀಳುವಾಗ ನಗು ನಿಂತಿತು. ಬಲಗಾಲಿನ ತಂತಿ ಬಿಗಿಯಾಗಿ ಕೂತಿತ್ತು, ಮೇಷ್ಟ್ರ ಕೆಲಸ ಗಟ್ಟಿ. ಬಣ್ಣದಮ್ಮ ಎರಡೂ ಕೈಯಲ್ಲಿ ಎಳೆಯಬೇಕಾಯಿತು. ಅದು ಬಿಟ್ಟುಕೊಂಡಾಗ ಅದರೊಂದಿಗೆ ಸ್ವಲ್ಪ ಮರವೂ ಕಿತ್ತು ಬಂತು. ವಿಮಾನವನ್ನು ಅವಳು ಮೆಲ್ಲಗೆ ಮೇಜಿನ ಮೇಲೆ, ಹೊಟ್ಟೆಯ ಮೇಲೆ ಮಲಗಿಸಿದಳು.

ಗಿಣಿ ಈ ಕೋಣೆಯಲ್ಲೇ ಬೆಳೆದವಳು. ಅವಳಿಗೆ ಬಿಡಿಸಿ ಹೇಳುವುದು ಏನೂ ಉಳಿದಿರಲಿಲ್ಲ. ಆ ಅಂಕಿಗಳ ಮೇಲೆ ಕಣ್ಣಿಟ್ಟುಕೊಂಡೇ ಕೇಳಿದಳು.

“ಯಾವತ್ತು ಹೇಳಿದ್ರು?”

“ಸೋಮವಾರ.”

“ಮೊನ್ನೆ ನಾನು ಅದನ್ನ ಹೊಟ್ಟೆ ಮೇಲೆ ನಿಲ್ಲಿಸಿಕೊಂಡಾಗ ನಿಂಗೆ ಗೊತ್ತಿತ್ತಾ ಅಮ್ಮ?”

“ಗೊತ್ತಿತ್ತು” ಎಂದಳು ಬಣ್ಣದಮ್ಮ.